ಹಾಡು ಬಿಟ್ಟು ನಮ್ಮದೇ ಟ್ಯೂನ್ ಕಟ್ಟಿದ್ದು

ಆರು ವರ್ಷ ನಾವಿಬ್ಬರೂ ಬೇರೆಯವರ ಹಾಡುಗಳನ್ನೇ ನುಡಿಸಿದೆವು. ನನ್ನದು ಗಿಟಾರ್, ಗೆಳೆಯನದು ಕೊಳಲು. ಮಡಿಕೇರಿ ಸುತ್ತಲಿನ ಹೋಂಸ್ಟೇಗಳಲ್ಲಿ ಸಂಜೆ ಬೆಂಕಿ ಪಕ್ಕ ಕೂತು, ಬಂದವರು ಕೇಳಿದ್ದನ್ನು ನುಡಿಸುತ್ತಿದ್ದೆವು. ನಮ್ಮ ಕೈ ಪಳಗಿದ್ದೇ ಅಲ್ಲಿ.

ಒಂದು ಜುಲೈನಲ್ಲಿ ಮಳೆ ಜಾಸ್ತಿಯಾಗಿ ಕಾರ್ಯಕ್ರಮಗಳು ನಿಂತವು. ಮನೆಯಲ್ಲಿ ಸುಮ್ನೆ ಕೂತಿದ್ದಾಗ ಅವನು ಹಳೆಯ ಸಿನಿಮಾ ಹಾಡೊಂದನ್ನು ಕೊಳಲಲ್ಲಿ ಪೂರ್ತಿ ನುಡಿಸಿದ. ಮೂರನೇ ಚರಣಕ್ಕೆ ಇಬ್ಬರಿಗೂ ಸಾಕಾಯಿತು. ಹಾಡುವಾಗ ಹಾಗಾಗುವುದಿಲ್ಲ ಅಲ್ವಾ? ಚರಣದ ಟ್ಯೂನ್ ಅದೇ ಇದ್ದರೂ ಮಾತು ಬದಲಾಗುತ್ತದೆ, ಕಿವಿ ಅದರ ಹಿಂದೆ ಹೋಗುತ್ತದೆ. ಮಾತಿಲ್ಲದಿದ್ದರೆ ಆ ಕೆಲಸವನ್ನೂ ಟ್ಯೂನೇ ಮಾಡಬೇಕು.

ಹಾಗಾಗಿ ನಮ್ಮದೇ ಟ್ಯೂನ್ ಕಟ್ಟಲು ಕೂತೆವು. ಮೊದಲು ಅದಕ್ಕೆ ಜಾಸ್ತಿ ಸ್ವರ ತುಂಬಿಸಿದೆವು. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಉಸಿರು ಕಟ್ಟಿದ ಹಾಗಿತ್ತು. "ಸ್ವಲ್ಪ ಜಾಗ ಬಿಡು ಮಾರಾಯ" ಅಂದ ಅವನು. ಅಲ್ಲಿಂದ ಒಂದು ಕಟ್ಟುಪಾಡು ಮಾಡಿಕೊಂಡೆವು. ಒಂದು ಸಾಲು ಮೂರನೇ ಸಲ ಬಂದರೆ ಏನಾದರೂ ಬದಲಾಗಲೇಬೇಕು. ಕೊಳಲು ಕೆಳಗಿನ ಸ್ಥಾಯಿಗೆ ಇಳಿಯಬೇಕು, ಇಲ್ಲವೇ ಗಿಟಾರ್ ಸುಮ್ಮನಾಗಬೇಕು.

ಇನ್ನೊಂದು ತೊಂದರೆ ತಾಳದ್ದು. ನಮ್ಮ ಟ್ಯೂನ್‌ಗಳೆಲ್ಲ ನಾಲ್ಕರ ಎಣಿಕೆಯಲ್ಲೇ ಬರುತ್ತಿದ್ದವು. ಆದರೆ ನಾವು ಚಿಕ್ಕಂದಿನಿಂದ ಮದುವೆಮನೆಗಳಲ್ಲಿ ಕುಣಿದದ್ದು ವಾಲಗಕ್ಕೆ. ಅದರ ನಡೆ ಆರರದ್ದು, ಒಂದಕ್ಕೂ ನಾಲ್ಕಕ್ಕೂ ಒತ್ತು. ವಾಲಗದ ಟ್ಯೂನ್‌ಗಳನ್ನು ಮುಟ್ಟಲಿಲ್ಲ, ಅವು ನುಡಿಸುವವರ ಸೊತ್ತು. ನಡೆಯನ್ನು ಮಾತ್ರ ಗಿಟಾರ್ ಮೈಮೇಲೆ ಬೆರಳಿಂದ ತಟ್ಟಿದೆ. ಅವನ ಕೊಳಲು ತಾನಾಗಿಯೇ ಹೊರಳಿತು.

ಕೊಳಲಿನ ಶ್ರುತಿ ಡಿ. ಅದಕ್ಕಾಗಿ ಗಿಟಾರ್‌ನ ಒಂದನೇ, ಎರಡನೇ, ಆರನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿದೆ. ಈಗ ಬೆರಳಿಂದ ಒತ್ತದೆ ಬಿಟ್ಟ ತಂತಿಗಳಲ್ಲೇ ಸ, ಮ, ಪ ಸಿಗುತ್ತವೆ. ತಂಬೂರಿ ಪಕ್ಕದಲ್ಲೇ ಇದ್ದಂತೆ. ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಹಿಡಿಯುವ ಅಭ್ಯಾಸ ತಪ್ಪಿದ್ದೂ ಇದರಿಂದಲೇ.

ರೆಕಾರ್ಡಿಂಗ್‌ಗೆ ಅಕ್ಟೋಬರ್ ಕಳೆಯುವವರೆಗೂ ಕಾದೆವು. ಶೀಟಿನ ಮಾಡಿನ ಕೆಳಗೆ ಮಳೆ ಬಿದ್ದರೆ ಮೈಕಿಗೆ ಬೇರೇನೂ ಕೇಳಿಸುವುದಿಲ್ಲ. ಬರಿ ಗೋಡೆಯ ಮಾರ್ದನಿ ತಗ್ಗಿಸಲು ದಪ್ಪ ಕಂಬಳಿ, ಖಾಲಿ ಕಾಫಿ ಚೀಲ ನೇತುಹಾಕಿದೆವು. ಬೆಳಗಿನ ಜಾವ ಕೂತರೆ ಜೀರುಂಡೆ ಕಾಟವಿಲ್ಲ, ಆದರೆ ಚಳಿಗೆ ಕೊಳಲಿನ ಶ್ರುತಿ ಇಳಿದಿರುತ್ತದೆ. ಉಸಿರಿನ ಬಿಸಿಗೆ ಒಳಗಿನ ಗಾಳಿ ಬೆಚ್ಚಗಾದ ಹಾಗೆ ಏರುತ್ತದೆ. ಎರಡು ದಿನದ ರೆಕಾರ್ಡಿಂಗ್ ಹಾಳಾದ ಮೇಲೆ ಗೊತ್ತಾಯಿತು. ಈಗ ಅವನು ಹತ್ತು ನಿಮಿಷ ಊದಿದ ಮೇಲೆಯೇ ನಾನು ಶ್ರುತಿ ಕೂಡಿಸುವುದು.

ಜನರೆದುರು ಮೊದಲ ಸಲ, ಗೊತ್ತಿರುವ ಎರಡು ಹಾಡುಗಳ ನಡುವೆ ನಮ್ಮದೊಂದನ್ನು ಇಟ್ಟೆವು. ಮುಗಿದಾಗ ವಯಸ್ಸಾದ ಒಬ್ಬರು, "ಇದು ಯಾವ ಸಿನಿಮಾದ್ದಪ್ಪ?" ಅಂತ ಕೇಳಿದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಈಗ ನಾಲ್ಕು ಟ್ಯೂನ್ ಇವೆ. ನಾಲ್ಕನೆಯದರ ನಡುಭಾಗದಲ್ಲಿ ಕೊಳಲು ಬೇಕೋ ಬೇಡವೋ ಎಂದು ಇನ್ನೂ ವಾದ ನಡೆದಿದೆ. ನನಗೆ ಬೇಡ ಅನ್ನಿಸುತ್ತದೆ.