ಲಾಡಿಹುಳುವಿನ ಮರಿಗೆ ಔಷಧ ಕೊಟ್ಟು, ಅದರ ಊಟದ ಲೆಕ್ಕ ಹಿಡಿಯುವುದು ಹೇಗೆ

ಈ ಪ್ರಯೋಗವನ್ನು ಮೊದಲ ಸಲ ಮಾಡಿದಾಗ ಅರ್ಧ ಪ್ಲೇಟನ್ನು ಬ್ಲೀಚಿಗೆ ಸುರಿದುಬಿಟ್ಟೆ. ಪ್ಲೇಟಿನ ಸಣ್ಣ ಗುಳಿಗಳಲ್ಲಿ, ಅಂದರೆ ವೆಲ್‌ಗಳಲ್ಲಿ, ಮರಿ ಸಾಕುವ ಕೆಂಪು ದ್ರವ (ಮೀಡಿಯಂ) ಇರುತ್ತದೆ, ಆಮ್ಲ ಸೇರಿದರೆ ಅದು ಹಳದಿಯಾಗುತ್ತದೆ. ಔಷಧ ಹಾಕದ ವೆಲ್‌ಗಳೆಲ್ಲ ಹಳದಿಯಾಗಿದ್ದವು. ಬ್ಯಾಕ್ಟೀರಿಯಾ ಸೇರಿಕೊಂಡಿದೆ ಅಂದುಕೊಂಡೆ. ಔಷಧ ಹಾಕಿದ ಕಡೆ ಮಾತ್ರ ಕೆಂಪು ಹಾಗೇ ಇತ್ತು. ಕೈ ತೊಳೆಯುವಾಗ ಹೊಳೆಯಿತು: ಹಳದಿ ಮಾಡಿದ್ದು ಮರಿಗಳೇ. ಸಕ್ಕರೆ ತಿಂದು ಆಮ್ಲ ಬಿಟ್ಟಿದ್ದವು. ನಾನು ಚೆಲ್ಲಿದ್ದು ನನ್ನ ಫಲಿತಾಂಶವನ್ನೇ.

ಈಗ ಲ್ಯಾಬಿಗೆ ಬರುವ ಹುಡುಗರು ಮೊದಲು ಕೇಳುವುದು, ‘ಅಕ್ಕಾ, ಹುಳು ಸತ್ತಿತಾ?’ ಸಾಯಲಿ ಬಿಡಿ, ಅದಕ್ಕೆ ಇನ್ನೂ ಸಮಯವಿದೆ. ಸಾಯುವ ಮುಂಚೆ ಅದು ಏನು ತಿಂದಿತು, ಏನು ಹೊರಹಾಕಿತು ಅನ್ನುವುದು ನಮಗೆ ಬೇಕು.

ಮನುಷ್ಯರ ಮಿದುಳಿಗೆ ಹೋಗಿ ಫಿಟ್ಸ್ ತರಿಸುವುದು ಹಂದಿಯ ಲಾಡಿಹುಳು, ಟೀನಿಯಾ ಸೋಲಿಯಂನ ಮರಿ. ಅದರ ಮೊಟ್ಟೆ ಹುಳುವಿರುವ ಮನುಷ್ಯನ ಮಲದಿಂದ ಬರುತ್ತದೆ, ಹಾಗಾಗಿ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಲ್ಯಾಬಿನಲ್ಲಿ ನಾವು ಅದರ ನೆಂಟ ಟೀನಿಯಾ ಕ್ರಾಸಿಸೆಪ್ಸನ್ನು ಸಾಕುತ್ತೇವೆ. ಕಾಡಿನಲ್ಲಿ ಇದು ನರಿ ಮತ್ತು ಇಲಿಗಳ ನಡುವೆ ಓಡಾಡುವ ಹುಳು. ಇದರ ಮರಿ ಇಲಿಯ ಹೊಟ್ಟೆಯೊಳಗೆ ಮೊಗ್ಗೊಡೆದು ತಾನೇ ಹೆಚ್ಚುತ್ತದೆ. ಮೊಟ್ಟೆಯ ಗೊಡವೆಯೇ ಇಲ್ಲ. ಆದರೂ ಗ್ಲೌಸ್ ಬಿಡಬೇಡಿ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಪರೂಪಕ್ಕೆ ಇದೂ ಹತ್ತಿದ್ದಿದೆ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ಮುಂಚೆ ಇಲಿ ಮುಟ್ಟುವ ಮಾತೇ ಇಲ್ಲ.

ಮರಿಯ ಊಟದ ದಾರಿ ಗೊತ್ತಿಲ್ಲದೆ ಅಳೆಯಲು ಹೊರಟರೆ ಸುಮ್ನೆ ಅಂಕಿ ಸಿಗುತ್ತದೆ, ಅಷ್ಟೆ. ಇದಕ್ಕೆ ಬಾಯಿಲ್ಲ, ಕರುಳಿಲ್ಲ. ಗ್ಲೂಕೋಸನ್ನು ಮೈಮೇಲಿನ ಪದರದಿಂದಲೇ ಎಳೆದುಕೊಳ್ಳುತ್ತದೆ. ಮಿಕ್ಕಿದ್ದನ್ನು ಗ್ಲೈಕೋಜನ್ ಮಾಡಿ ಕಣಜ ತುಂಬಿಕೊಳ್ಳುತ್ತದೆ. ಗ್ಲೂಕೋಸ್ ಒಡೆಯುತ್ತಾ ಪಿಇಪಿ ಅನ್ನುವ ಹಂತಕ್ಕೆ ಬಂದಾಗ ದಾರಿ ಕವಲೊಡೆಯುತ್ತದೆ. ಒಂದು ಪೈರುವೇಟ್ ಕಡೆಗೆ, ಅಲ್ಲಿಂದ ಲ್ಯಾಕ್ಟೇಟ್. ಇನ್ನೊಂದು ಮ್ಯಾಲೇಟ್ ಆಗಿ ಮೈಟೊಕಾಂಡ್ರಿಯಾದೊಳಗೆ ಹೋಗುತ್ತದೆ. ಅಲ್ಲಿ ಫ್ಯೂಮರೇಟ್ ರಿಡಕ್ಟೇಸ್ ಅನ್ನುವ ಕಿಣ್ವ ಫ್ಯೂಮರೇಟನ್ನು ಸಕ್ಸಿನೇಟ್ ಮಾಡುತ್ತದೆ. ನಮ್ಮಲ್ಲಿ ಆಮ್ಲಜನಕ ಮಾಡುವ ಕೆಲಸವನ್ನು ಇಲ್ಲಿ ಫ್ಯೂಮರೇಟ್ ಮಾಡುತ್ತದೆ. ಆಮ್ಲಜನಕ ಕಡಿಮೆಯಿದ್ದರೂ ಒಲೆ ಆರುವುದಿಲ್ಲ. ಲ್ಯಾಕ್ಟೇಟ್, ಸಕ್ಸಿನೇಟ್ ಎರಡೂ ಮರಿ ಹೊರಹಾಕುವ ಆಮ್ಲಗಳು. ನನಗೆ ಈ ಎರಡನೇ ದಾರಿಯೇ ಜಾಸ್ತಿ ಇಷ್ಟ, ನಮ್ಮ ದೇಹದ ರೂಢಿಗೆ ಇದು ಪೂರಾ ಉಲ್ಟಾ.

ಔಷಧಗಳು ಒಂದೊಂದೂ ಒಂದೊಂದು ಕಡೆ ಹೊಡೆಯುತ್ತವೆ. ಆಲ್ಬೆಂಡಜೋಲ್ ಬೀಟಾ ಟ್ಯುಬುಲಿನ್‌ಗೆ ಅಂಟಿಕೊಂಡು ಜೀವಕೋಶದ ಸಣ್ಣ ನಾಳಗಳನ್ನು ಕಟ್ಟಲು ಬಿಡುವುದಿಲ್ಲ. ಗ್ಲೂಕೋಸ್ ಒಳಬರುವುದು ತಗ್ಗುತ್ತದೆ, ಕಣಜ ಖಾಲಿಯಾಗುತ್ತದೆ, ಜೀವಕೋಶದ ಇಂಧನವಾದ ಎಟಿಪಿ ಇಳಿಯುತ್ತದೆ. ಪ್ರಾಜಿಕ್ವಾಂಟೆಲ್ ಕ್ಯಾಲ್ಸಿಯಂ ನುಗ್ಗಿಸಿ ಮೈಯನ್ನು ಸೆಟೆಸುತ್ತದೆ, ಹೊರಪದರವನ್ನು ಹಾಳುಮಾಡುತ್ತದೆ. ಊಟಕ್ಕೆ ಬೀಳುವ ಪೆಟ್ಟು ಅದರ ಹಿಂದೆ ಬರುತ್ತದೆ.

ಇಲ್ಲಿಂದ ಕೈಕೆಲಸ. ಇಲಿಯಿಂದ ತೆಗೆದ ಮರಿಗಳನ್ನು ಸಲೈನಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ಇಲಿಯ ರಕ್ತಕಣಗಳು ಉಳಿದರೆ ಅವೂ ಲ್ಯಾಕ್ಟೇಟ್ ಬಿಡುತ್ತವೆ, ಆಮೇಲೆ ಯಾರದ್ದು ಯಾವುದು ಅಂತ ಹೇಳುವವರಿಲ್ಲ. ತಿಳಿಯಾಗಿ, ಗಾತ್ರದಲ್ಲಿ ಒಂದೇ ಥರ ಇರುವ, ಮೊಗ್ಗಿಲ್ಲದ ಮರಿಗಳನ್ನೇ ಆರಿಸಿ. ನಾನು ಒಂದು ವೆಲ್‌ಗೆ ಹತ್ತು ಹಾಕುತ್ತೇನೆ. ಆರ್‌ಪಿಎಂಐ 1640 ಅನ್ನುವ ಮೀಡಿಯಂ, ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್, 37 ಡಿಗ್ರಿ, 5 ಶೇಕಡಾ ಇಂಗಾಲದ ಡೈಆಕ್ಸೈಡ್. ಈ ಮೀಡಿಯಂನ ಒಂದು ಲೀಟರಿನಲ್ಲಿ 2 ಗ್ರಾಂ ಗ್ಲೂಕೋಸ್ ಇರುತ್ತದೆ. ಲೆಕ್ಕ ಶುರುವಾಗುವುದು ಆ ಅಂಕಿಯಿಂದ.

ನಾನು ಆಲ್ಬೆಂಡಜೋಲ್ ಬದಲು ಅದರ ಸಲ್ಫಾಕ್ಸೈಡ್ ಬಳಸುತ್ತೇನೆ. ನುಂಗಿದ ಮಾತ್ರೆಯನ್ನು ಪಿತ್ತಜನಕಾಂಗ ಸಲ್ಫಾಕ್ಸೈಡ್ ಮಾಡುತ್ತದೆ, ಮಿದುಳಿನ ಮರಿಗೆ ತಲುಪುವುದು ಅದೇ. ಪ್ಲೇಟಿಗೆ ಪಿತ್ತಜನಕಾಂಗ ಇಲ್ಲವಲ್ಲ! ಔಷಧ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಡಿಎಂಎಸ್‌ಒ ಅನ್ನುವ ದ್ರಾವಕ ಬೇಕು. ಹಾಗಾಗಿ ಮೂರು ಹೋಲಿಕೆಗಳು ಬೇಕೇಬೇಕು: ಏನೂ ಹಾಕದ ಮರಿ, ಬರೀ ಡಿಎಂಎಸ್‌ಒ ಹಾಕಿದ ಮರಿ, ಮರಿಯೇ ಇಲ್ಲದ ಮೀಡಿಯಂ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ.

ಔಷಧದ ಪ್ರಮಾಣ ಕಡಿಮೆ ಇರಲಿ. ಸತ್ತ ಮರಿಯೂ ಗ್ಲೂಕೋಸ್ ತಿನ್ನುವುದಿಲ್ಲ, ಅಲ್ವಾ? ಅದನ್ನು ಕಂಡು ಔಷಧ ಊಟದ ದಾರಿ ಮುಚ್ಚಿತು ಅನ್ನುವ ಹಾಗಿಲ್ಲ. 24 ಗಂಟೆಯ ನಂತರ ಸೂಕ್ಷ್ಮದರ್ಶಕದಡಿ ಮರಿ ಅಲುಗುತ್ತಿದೆಯಾ ನೋಡಿ. ಒಂದೆರಡನ್ನು ಟ್ರಿಪಾನ್ ಬ್ಲೂನಲ್ಲಿ ಅದ್ದಿ, ಬಣ್ಣ ಒಳಗೆ ಹಿಡಿದರೆ ಅದು ಸತ್ತಿದೆ.

ಅಳತೆಗೆ ಮೀಡಿಯಂ ತೆಗೆದಿಟ್ಟ ಕೂಡಲೇ ಮರಿಗಳನ್ನು ದ್ರವ ಸಾರಜನಕಕ್ಕೆ ಹಾಕಿ. ಚಹಾ ಕುಡಿದು ಬಂದು ಹಾಕುತ್ತೇನೆ ಅಂದರೆ ಅಷ್ಟರಲ್ಲಿ ಕಣಜದ ಲೆಕ್ಕ ಬದಲಾಗಿರುತ್ತದೆ. ಮೀಡಿಯಂನಲ್ಲಿ ಉಳಿದ ಗ್ಲೂಕೋಸ್ ಅಳೆಯಲು ಆಸ್ಪತ್ರೆಯ ಲ್ಯಾಬಿನಲ್ಲಿ ಬಳಸುವ ಜಿಒಡಿ-ಪಿಒಡಿ ಕಿಟ್ ಸಾಕು. ಆಮ್ಲಗಳಿಗೆ ಎಚ್‌ಪಿಎಲ್‌ಸಿ ಬೇಕು, ದ್ರವದಲ್ಲಿ ಕರಗಿದ್ದನ್ನು ಬೇರ್ಪಡಿಸಿ ಅಳೆಯುವ ಯಂತ್ರ ಅದು. ಬ್ರೆಜಿಲ್‌ನ ಗೋಯಾಸ್ ಫೆಡರಲ್ ವಿಶ್ವವಿದ್ಯಾಲಯದವರು ಇದೇ ಮರಿಯ ಮೇಲೆ ಈ ದಾರಿಯಲ್ಲಿ ತುಂಬಾ ಕೆಲಸ ಮಾಡಿದ್ದಾರೆ. ಸಿಕ್ಕ ಅಂಕಿಗಳನ್ನೆಲ್ಲ ಮರಿಗಳ ತೂಕಕ್ಕೋ ಪ್ರೋಟೀನಿಗೋ ಭಾಗಿಸಿ.

ಲ್ಯಾಕ್ಟೇಟ್, ಸಕ್ಸಿನೇಟ್ ಎರಡೂ ಒಟ್ಟಿಗೆ ಇಳಿದರೆ ಪೆಟ್ಟು ಕವಲಿಗಿಂತ ಮೇಲೆ ಬಿದ್ದಿರಬಹುದು. ಸಕ್ಸಿನೇಟ್ ಒಂದೇ ಇಳಿದು ಲ್ಯಾಕ್ಟೇಟ್ ಏರಿದರೆ ಮೈಟೊಕಾಂಡ್ರಿಯಾದ ಕಡೆ ನೋಡಿ. ಗ್ಲೂಕೋಸ್ ಒಳಹೋಗದಿದ್ದರೂ ಆಮ್ಲ ಬರುತ್ತಲೇ ಇದ್ದರೆ ಮರಿ ಕಣಜ ತೋಡುತ್ತಿರಬೇಕು, ಆಗ ಸಾರಜನಕದಲ್ಲಿಟ್ಟ ಮರಿಗಳಲ್ಲಿ ಗ್ಲೈಕೋಜನ್ ಅಳೆಯಿರಿ.

ಇನ್ನು ಆ ಹಳದಿ ಬಣ್ಣ. ಪ್ಲೇಟನ್ನು ಇನ್‌ಕ್ಯುಬೇಟರಿನಿಂದ ತೆಗೆದ ತಕ್ಷಣ ಫೋಟೋ ತೆಗೆಯಿರಿ, ಹೊರಗಿಟ್ಟರೆ ಬಣ್ಣ ಮತ್ತೆ ಕೆಂಪಿಗೆ ತಿರುಗುತ್ತದೆ. ಮೀಡಿಯಂ ತಿಳಿಯಾಗಿದ್ದು ಹಳದಿಯಿದ್ದರೆ ಅದು ಹೆಚ್ಚಾಗಿ ಮರಿಯ ಕೆಲಸ. ಕದಡಿದ್ದರೆ ಬ್ಯಾಕ್ಟೀರಿಯಾ. ಒಂದು ಹನಿ ಸ್ಲೈಡಿಗೆ ಹಾಕಿ ನೋಡಿಕೊಂಡ ಮೇಲೆ ಬ್ಲೀಚ್ ಬಾಟಲಿ ಎತ್ತಿ.