ಗಾಲಿ ಉರುಳಿದ್ದೆಷ್ಟು, ಕೈ ದುಡಿದದ್ದೆಷ್ಟು

ವೀಲ್‌ಚೇರ್ ಬಳಸುವವರ ಚಟುವಟಿಕೆ ಅಳೆಯಲು ನಾನು ಎರಡು ಅಕ್ಸೆಲರೋಮೀಟರ್ (ಅಲ್ಲಾಟ ಅಳೆಯುವ ಪುಟ್ಟ ಸಾಧನ) ಕಟ್ಟುತ್ತೇನೆ. ಒಂದು ಮಣಿಕಟ್ಟಿಗೆ, ಇನ್ನೊಂದು ಗಾಲಿಗೆ. ನಡೆಯುವವರಿಗೆ ಸೊಂಟದ ಸಾಧನ ಸಾಕು. ಆದರೆ ಕುಳಿತು ಗಾಲಿ ತಳ್ಳುವಾಗ ಸೊಂಟ ಅಲ್ಲಾಡುವುದೇ ಕಡಿಮೆ. ಬೆವರು ಸುರಿಸಿ ತಳ್ಳಿದವರೂ ಅದರ ಲೆಕ್ಕದಲ್ಲಿ ಸುಮ್ಮನೆ ಕುಳಿತವರು. ಮಣಿಕಟ್ಟಿನದೊಂದನ್ನೇ ನಂಬಿದರೆ ಬಟ್ಟೆ ಮಡಚಿದ್ದೂ ಗಾಲಿ ತಳ್ಳಿದಂತೆ ಕಾಣುತ್ತದೆ. ಗಾಲಿಯದೊಂದನ್ನೇ ನಂಬಿದರೆ ಹಿಂದಿನಿಂದ ಬೇರೆಯವರು ತಳ್ಳಿದ ದೂರವೂ ಕುಳಿತವರ ಖಾತೆಗೆ ಬೀಳುತ್ತದೆ. ಗಾಲಿ ಉರುಳುತ್ತಿದ್ದು, ಅದೇ ಹೊತ್ತಿಗೆ ಕೈಯೂ ಲಯದಲ್ಲಿ ಬೀಸುತ್ತಿದ್ದರೆ ಮಾತ್ರ ಸ್ವಂತ ತಳ್ಳುವಿಕೆ ಎಂದು ಬರೆದುಕೊಳ್ಳುತ್ತೇನೆ.

ಇದಕ್ಕೆ ಎರಡರ ಗಡಿಯಾರ ಹೊಂದಬೇಕು. ಒಂದೇ ಕಂಪ್ಯೂಟರಿನಿಂದ ಸಮಯ ತುಂಬಿ, ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಜೋರಾಗಿ ಅಲ್ಲಾಡಿಸಿ. ವಾರದ ಕೊನೆಗೆ ಬಿಚ್ಚಿದಾಗಲೂ ಹಾಗೆಯೇ ಮಾಡಿ. ಅಲ್ಲಾಡಿಸಿದ ಗುರುತು ಎರಡೂ ಸಾಧನಗಳ ದಾಖಲೆಯಲ್ಲಿ ಮೂಡುತ್ತದೆ, ಆ ಗುರುತುಗಳ ನಡುವಿನ ಅಂತರದಿಂದ ಗಡಿಯಾರ ಎಷ್ಟು ಸೆಕೆಂಡು ಜಾರಿದೆ ಎಂದು ತಿಳಿಯುತ್ತದೆ.

ಗಾಲಿಯ ಸಾಧನವನ್ನು ಕಡ್ಡಿಗಳ ನಡುವೆ, ಗುಂಭಕ್ಕೆ (ಗಾಲಿಯ ನಡುವಿನ ಹಬ್) ಆದಷ್ಟು ಹತ್ತಿರ ಬಿಗಿಯಬೇಕು. ಅಂಚಿಗೆ ಕಟ್ಟಿದರೆ ಕೆಡುತ್ತದೆ: 24 ಇಂಚಿನ ಗಾಲಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಉರುಳುವಾಗ, ಗುಂಭದಿಂದ 28 ಸೆಂ.ಮೀ. ದೂರದಲ್ಲಿ ತಿರುಗುವಿಕೆಯ ವೇಗೋತ್ಕರ್ಷವೇ 12 ಮೀ/ಸೆ² ದಾಟುತ್ತದೆ. ಅದಕ್ಕೆ ಗುರುತ್ವ ಸೇರಿದರೆ 2 ಜಿ (ಗುರುತ್ವದ ಎರಡು ಪಟ್ಟು) ಮಿತಿಯ ಸೆನ್ಸರ್ ತುಂಬಿ, ಅಲೆಯ ತುದಿ ಕತ್ತರಿಸಿಹೋಗುತ್ತದೆ. 5 ಸೆಂ.ಮೀ. ದೂರದಲ್ಲಾದರೆ ಅದು ಸುಮಾರು 2 ಮೀ/ಸೆ² ಅಷ್ಟೇ. ಗುರುತ್ವದ ಅಲೆ ಸ್ವಚ್ಛವಾಗಿ ಕಾಣುತ್ತದೆ, ಒಂದು ಅಲೆಗೆ ಒಂದು ಸುತ್ತು. ಸುತ್ತಳತೆಯನ್ನು ಸೂತ್ರದಿಂದ ತೆಗೆಯಬೇಡಿ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಬಳಸುವವರು ಕುಳಿತಿರುವಾಗಲೇ 10 ಸುತ್ತು ಉರುಳಿಸಿ, ನೆಲದ ಮೇಲಿನ ದೂರವನ್ನು 10ರಿಂದ ಭಾಗಿಸಿ. ಟೈರಿನ ಗಾಳಿ, ಕುಳಿತವರ ಭಾರ ಎರಡೂ ಅದರಲ್ಲಿ ಸೇರಿರುತ್ತವೆ. ಇಕ್ಕಟ್ಟಾದ ಕೋಣೆಯಲ್ಲಿ ನಿಂತಲ್ಲೇ ತಿರುಗಿದರೂ ಗಾಲಿ ಸುತ್ತುತ್ತದೆ ಎಂಬುದು ನೆನಪಿರಲಿ.

ಶ್ರಮದ ತೀವ್ರತೆಯೇ ಕಷ್ಟದ ಭಾಗ. ಏರಿನಲ್ಲಿ ತಳ್ಳುವಾಗ ಕೈ ನಿಧಾನ, ಶ್ರಮ ದುಪ್ಪಟ್ಟಾಗಬಹುದು. ಮಣಿಕಟ್ಟಿನ ಎಣಿಕೆಗೆ ಅದು ಕಾಣುವುದಿಲ್ಲ. ಹೃದಯಬಡಿತ ಸೇರಿಸಿದರೆ ಎಷ್ಟೋ ಸರಿಹೋಗುತ್ತದೆ. ಆದರೆ ಬೆನ್ನುಹುರಿಗೆ ಎದೆಭಾಗದ ಆರನೆಯ ಮಟ್ಟವಾದ ಟಿ6ಕ್ಕಿಂತ ಮೇಲೆ ಪೂರ್ಣ ಪೆಟ್ಟಾದವರಲ್ಲಿ, ಅದರಲ್ಲೂ ಕತ್ತಿನ ಮಟ್ಟದಲ್ಲಾದರೆ, ಹೃದಯಕ್ಕೆ ಹೋಗಿ ಬಡಿತ ಏರಿಸುವ ಸಿಂಪಥೆಟಿಕ್ ನರಗಳ ಆದೇಶ ತಪ್ಪುತ್ತದೆ. ಎಷ್ಟೇ ದುಡಿದರೂ ಬಡಿತ ಹೆಚ್ಚು ಏರುವುದಿಲ್ಲ. ಗರಿಷ್ಠ ಬಡಿತ ತಿಳಿಯಲು ವಯಸ್ಸನ್ನು 220ರಿಂದ ಕಳೆಯುವ ಸೂತ್ರ ಅವರಿಗೆ ಅನ್ಯಾಯ ಮಾಡುತ್ತದೆ. ವಿಶ್ರಾಂತಿಯ ಆಮ್ಲಜನಕವೂ ಅಷ್ಟೇ: ಒಂದು ಮೆಟ್ (ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕದ ಅಳತೆ) ಎಂದರೆ ಕೆ.ಜಿ.ಗೆ ನಿಮಿಷಕ್ಕೆ 3.5 ಮಿ.ಲೀ. ಎಂಬುದು ಸಾಮಾನ್ಯ ಲೆಕ್ಕ, ಬೆನ್ನುಹುರಿ ಪೆಟ್ಟಿನವರಿಗೆ ಕೆ.ಜಿ.ಗೆ ನಿಮಿಷಕ್ಕೆ 2.7 ಮಿ.ಲೀ. ಬಳಸುತ್ತೇವೆ.

ಹಾಗಾಗಿ ಸಾಧನದ ಎಣಿಕೆಯನ್ನು ನಿಜವಾದ ಶ್ರಮಕ್ಕೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೊಂದಿಸುವುದೇ ಮೇಲು. ಇಷ್ಟನ್ನು ಮಾಡಿಸಿ: ವಿಶ್ರಾಂತಿ, ಮೇಜಿನ ಕೆಲಸ, ಸಮತಟ್ಟಿನಲ್ಲಿ ಮೂರು ವೇಗ, ಒಂದು ಏರು. ಒಂದೊಂದೂ 5–6 ನಿಮಿಷ. ಉಸಿರಿನ ಆಮ್ಲಜನಕ ಅಳೆಯುವ ಯಂತ್ರ ಜೊತೆಗಿರಲಿ, ಕೊನೆಯ 2 ನಿಮಿಷದ ಸರಾಸರಿ ಮಾತ್ರ ತೆಗೆದುಕೊಳ್ಳಿ.

ಸತತ 60 ನಿಮಿಷ ಸೊನ್ನೆ ಬಂದರೆ ಸಾಧನ ಧರಿಸಿಲ್ಲ ಎಂಬ ರೂಢಿಯ ನಿಯಮವನ್ನು ಕೈಬಲ ಕಡಿಮೆ ಇರುವವರಿಗೆ ಹಾಗೇ ಹಚ್ಚಬೇಡಿ. ಅವರ ನಿಜವಾದ ದಿನವೇ ಕಸದ ಬುಟ್ಟಿಗೆ ಹೋದೀತು. ಕಟ್ಟಿದ, ಬಿಚ್ಚಿದ ಹೊತ್ತನ್ನು ಬರೆದಿಡಲು ಹೇಳಿ. ಸ್ನಾಯುಸೆಳೆತ ಬಂದ ಹೊತ್ತನ್ನು, ವಾಹನದಲ್ಲಿ ಕುಳಿತ ಹೊತ್ತನ್ನು ಅದೇ ಹಾಳೆಯಲ್ಲಿ ಗುರುತಿಸಲಿ, ಎರಡೂ ಸುಳ್ಳು ಎಣಿಕೆ ಹುಟ್ಟಿಸುತ್ತವೆ.

ಪಟ್ಟಿ ವೆಲ್ಕ್ರೋದ್ದಿರಲಿ, ತುದಿಗೆ ಹೆಬ್ಬೆರಳು ತೂರುವಷ್ಟು ಕುಣಿಕೆ ಹೊಲಿಯಿರಿ. ಬೆರಳು ಮಡಚಲಾರದವರಿಗೆ ಬಕಲ್ ಹಾಕಲು ಆಗುವುದಿಲ್ಲ. ಕೈಯಲ್ಲಿ ಸ್ಪರ್ಶ ಮಂದವಾಗಿದ್ದರೆ ಪಟ್ಟಿ ಉಜ್ಜಿದ್ದು ಅವರಿಗೆ ತಿಳಿಯುವುದಿಲ್ಲ. ಮೊದಲ ದಿನ ಸಂಜೆಯೇ ಬಿಚ್ಚಿ ಚರ್ಮ ನೋಡಬೇಕು. ಕೆಂಪು ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಆ ಕೈಗೆ ಮತ್ತೆ ಕಟ್ಟುವುದಿಲ್ಲ.