ವಾರದ ಓಟಕ್ಕೆ ದಾರಿ ಆರಿಸುವುದು: ಮೈಸೂರಿನಲ್ಲಿ ನನ್ನ ಅನುಭವ

ವಾರಕ್ಕೆ ನಾಲ್ಕೈದು ದಿನ ಓಡುತ್ತೇನೆ. ಯಾವ ದಿನ ಯಾವ ದಾರಿ ಅನ್ನುವುದನ್ನು ಭಾನುವಾರ ಸಂಜೆಯೇ ಬರೆದಿಡುತ್ತೇನೆ. ಎಷ್ಟು ಕಿಲೋಮೀಟರ್, ಎಷ್ಟು ವೇಗ ಅನ್ನುವುದೆಲ್ಲ ಆಮೇಲೆ. ಮೊದಲು ಜಾಗ. ಯಾಕೆ ಅಂದರೆ, ನಾವು ಎಷ್ಟು ಜೋರಾಗಿ ಓಡುತ್ತೇವೆ ಅನ್ನುವುದನ್ನು ನಮ್ಮ ಮನಸ್ಸಿಗಿಂತ ಜಾಸ್ತಿ ದಾರಿಯೇ ತೀರ್ಮಾನ ಮಾಡುತ್ತದೆ. ನಿಧಾನವಾಗಿ ಓಡಬೇಕಾದ ದಿನ ಖಾಲಿ ಡಬಲ್ ರೋಡಿಗೆ ಹೋದರೆ ಕಾಲು ಮಾತು ಕೇಳುವುದಿಲ್ಲ. ಜೋರಾಗಿ ಓಡಬೇಕಾದ ದಿನ ಮಾರ್ಕೆಟ್ ಬೀದಿಗೆ ಹೋದರೆ ಹೆಜ್ಜೆ ಹೆಜ್ಜೆಗೂ ನಿಲ್ಲಬೇಕು. ದಿನಕ್ಕೆ ತಕ್ಕ ದಾರಿ ಸಿಕ್ಕರೆ ವಾಚ್ ನೋಡುವ ಕೆಲಸವೇ ಇರುವುದಿಲ್ಲ.

ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಓಡುವವರಿಗೆ ಇದು ಪುಣ್ಯದ ಜಾಗ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಅದರಾಚೆ ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿ. ಇನ್ನೊಂದು ಕಡೆ ಅರಮನೆ ಸುತ್ತಲಿನ ಹಳೇ ಊರು. ಎಲ್ಲಿ ನಿಂತು ನೋಡಿದರೂ ಚಾಮುಂಡಿ ಬೆಟ್ಟ. ಇಷ್ಟೆಲ್ಲ ಇದ್ದರೂ ನಮ್ಮ ಬಡಾವಣೆಯ ಎಷ್ಟೋ ಜನ ವರ್ಷಪೂರ್ತಿ ಒಂದೇ ದಾರಿಯಲ್ಲಿ ಓಡಿ, ಬೇಜಾರಾಗಿ ಬಿಟ್ಟುಬಿಡುವುದನ್ನು ನೋಡಿದ್ದೇನೆ. ಓಟ ಬೇಜಾರಾಗುವುದು ಕಡಿಮೆ, ದಾರಿ ಬೇಜಾರಾಗುವುದೇ ಜಾಸ್ತಿ.

ಭಾನುವಾರ ಸಂಜೆ ಕಾಫಿ ಲೋಟ, ಒಂದು ನೋಟ್‌ಬುಕ್, ಜೊತೆಗೆ ಒಂಟಿಕೊಪ್ಪಲ್ ಪಂಚಾಂಗ ಇಟ್ಟುಕೊಂಡು ಕೂರುತ್ತೇನೆ. ಓಟಕ್ಕೆ ಪಂಚಾಂಗ ಯಾಕೆ ಅಂತ ಕೇಳಬಹುದು. ಮೈಸೂರಿನಲ್ಲಿ ಹಬ್ಬ ಗೊತ್ತಿಲ್ಲದೆ ದಾರಿ ಆರಿಸಲು ಆಗುವುದಿಲ್ಲ. ಆಷಾಢ ಶುಕ್ರವಾರ ಬೆಟ್ಟದ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್ ಸುತ್ತ ಬೆಳಗಿನ ಜಾವದಿಂದಲೇ ಬಾಳೆಕಂದು, ಹೂವಿನ ಗಾಡಿಗಳು. ದಸರಾ ಹತ್ತಿರ ಬಂದರೆ ಊರಿನ ಅರ್ಧ ರಸ್ತೆಗಳ ಲೆಕ್ಕವೇ ಬೇರೆ. ಅದಕ್ಕೇ ಮೊದಲು ಹಬ್ಬ, ಆಮೇಲೆ ಮನೆಯಲ್ಲಿ ಯಾವ ದಿನ ಬೇಗ ವಾಪಸ್ ಬರಬೇಕು ಅನ್ನುವುದು, ಆಮೇಲೆ ಮಳೆ. ಇವು ಮೂರನ್ನೂ ಬರೆದ ಮೇಲೆ ಉಳಿಯುವ ಜಾಗದಲ್ಲಿ ಓಟಗಳನ್ನು ಕೂರಿಸುತ್ತೇನೆ.

ಸೂರ್ಯ ಹುಟ್ಟುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಜೂನ್ ಶುರುವಿನಲ್ಲಿ ಆರಕ್ಕೆ ಸ್ವಲ್ಪ ಮೊದಲೇ ಸೂರ್ಯ ಬರುತ್ತಾನೆ. ಜನವರಿ ಕೊನೆಗೆ ಆರೂಮುಕ್ಕಾಲು ಆಗುತ್ತದೆ. ಮುಕ್ಕಾಲು ಗಂಟೆಗೂ ಜಾಸ್ತಿ ವ್ಯತ್ಯಾಸ. ಹೆಣ್ಣುಮಗಳಾಗಿ ಒಬ್ಬಳೇ ಓಡುವ ನನಗೆ ಇದು ದೊಡ್ಡ ವಿಷಯ. ಚಳಿಗಾಲದಲ್ಲಿ ಐದೂವರೆಗೆ ಹೊರಟರೆ ಮೊದಲ ಒಂದು ಗಂಟೆ ಬೀದಿ ದೀಪ ಇರುವ, ಹಾಲಿನ ಬೂತ್ ತೆರೆದಿರುವ, ಪೇಪರ್ ಹಾಕುವ ಹುಡುಗರು ಓಡಾಡುವ ರಸ್ತೆಗಳಲ್ಲೇ ಇರುತ್ತೇನೆ. ಬೆಳಕು ಹರಿದ ಮೇಲಷ್ಟೇ ಕೆರೆಯ ಹಿಂಭಾಗ, ಮರಗಳು ದಟ್ಟವಾಗಿರುವ ಕಡೆ. ಅಂದರೆ ಅದೇ ದಾರಿಯನ್ನು ಜೂನ್‌ನಲ್ಲಿ ಒಂದು ಕಡೆಯಿಂದ, ಜನವರಿಯಲ್ಲಿ ಇನ್ನೊಂದು ಕಡೆಯಿಂದ ಶುರು ಮಾಡಬೇಕಾಗುತ್ತದೆ. ಯಾವ ದಿನ ಎಲ್ಲಿಗೆ ಅನ್ನುವ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಹೋಗುತ್ತೇನೆ. ಫೋನ್ ಲೊಕೇಶನ್ ಇದ್ದರೂ ಈ ಚೀಟಿ ಬೇಕು.

ವಾರದ ಮೊದಲ ಓಟ ಕುಕ್ಕರಹಳ್ಳಿ ಕೆರೆಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಹೊಲಗದ್ದೆಗೆ ನೀರುಣಿಸಲು ಕಟ್ಟಿಸಿದ ಕೆರೆ ಇದು. ಈಗ ಊರಿಗೆಲ್ಲ ವಾಕಿಂಗ್ ಜಾಗ. ಮಣ್ಣಿನ ದಾರಿ, ಮೇಲೆ ಮರದ ನೆರಳು. ಭಾನುವಾರದ ಉದ್ದ ಓಟದ ನೋವು ಕಾಲಲ್ಲಿ ಇನ್ನೂ ಇರುವಾಗ ಈ ಮೆತ್ತನೆ ನೆಲ ಹಿತ ಅನ್ನಿಸುತ್ತದೆ. ಬೆಳಿಗ್ಗೆ ಆರರಿಂದ ಏಳರವರೆಗೆ ಇಲ್ಲಿ ವಾಕಿಂಗ್ ಮಾಡುವವರು ತುಂಬಿರುತ್ತಾರೆ. ನಾಲ್ಕೈದು ಜನ ಅಡ್ಡಲಾಗಿ, ಮಾತಾಡುತ್ತಾ ನಡೆಯುತ್ತಾರೆ. ಕೆಲವು ಓಟಗಾರರಿಗೆ ಇದು ಕಿರಿಕಿರಿ. ನನಗೆ ಇದೇ ಬೇಕು. ಇಷ್ಟು ಜನರ ನಡುವೆ ಜೋರಾಗಿ ಓಡುವುದು ಸಾಧ್ಯವೇ ಇಲ್ಲ, ಆದ್ದರಿಂದ ನಿಧಾನದ ಓಟ ನಿಧಾನವಾಗಿಯೇ ಉಳಿಯುತ್ತದೆ. ಉಸಿರು ಕಟ್ಟದೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ ಅಂತ ಅರ್ಥ. ಇಲ್ಲಂತೂ ಮಾತಾಡಿಸುವವರಿಗೆ ಬರವಿಲ್ಲ.

ಒಂದು ವಾರ ಪ್ರದಕ್ಷಿಣೆ ಹಾಕಿದರೆ ಮುಂದಿನ ವಾರ ಉಲ್ಟಾ ಓಡುತ್ತೇನೆ. ಸುಮ್ನೆ ಬದಲಾವಣೆಗೆ ಅಂತ ಅಲ್ಲ. ಒಂದೇ ದಿಕ್ಕಿನಲ್ಲಿ ಸುತ್ತಿದರೆ ದಾರಿಯ ಓರೆ ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ. ಟಾರ್ ರಸ್ತೆಯಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಮಳೆನೀರು ಹರಿದುಹೋಗಲಿ ಅಂತ ರಸ್ತೆಯ ನಡುಭಾಗ ಎತ್ತರಿಸಿ, ಎರಡೂ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ಉಲ್ಟಾ ಓಡಿದರೆ ಇನ್ನೊಂದು ಲಾಭವಿದೆ. ಹೋದ ವಾರ ಬೆನ್ನು ಮಾತ್ರ ಕಂಡವರ ಮುಖ ಈ ವಾರ ಕಾಣುತ್ತದೆ. "ಏನಮ್ಮಾ, ಇವತ್ತು ಉಲ್ಟಾ ಹೊರಟುಬಿಟ್ಟಿದ್ದೀಯಾ?" ಅಂತ ಒಬ್ಬರು ಹಿರಿಯರು ತಪ್ಪದೆ ಕೇಳುತ್ತಾರೆ. "ಹೌದು ತಾತ, ನಿಮ್ಮ ಮುಖ ನೋಡೋಣ ಅಂತ" ಅನ್ನುತ್ತೇನೆ. ಕೆರೆಯ ಹೆಜ್ಜಾರ್ಲೆ ಹಕ್ಕಿಗಳೂ ಅಷ್ಟೇ. ಒಂದು ದಿಕ್ಕಿನಲ್ಲಿ ಓಡುವಾಗ ಮರದ ಮರೆಯಲ್ಲಿದ್ದ ಗುಂಪು ಇನ್ನೊಂದು ದಿಕ್ಕಿನಿಂದ ಬಂದಾಗ ಎದುರಿಗೇ ಸಿಗುತ್ತದೆ.

ವಾರದ ನಡುವೆ ಒಂದು ದಿನ ಜೋರು ಓಟ. ಅದಕ್ಕೆ ಮಾನಸಗಂಗೋತ್ರಿಯ ಒಳರಸ್ತೆಗಳು. ಬೆಳಿಗ್ಗೆ ವಾಹನ ಕಡಿಮೆ, ದಾರಿ ನೇರ, ಎರಡೂ ಕಡೆ ಮರ. ಇಲ್ಲಿ ಲೈಟ್ ಕಂಬಗಳೇ ನನ್ನ ಅಳತೆ. ಎರಡು ಕಂಬದ ದೂರ ಜೋರು, ಒಂದು ಕಂಬದ ದೂರ ನಿಧಾನ. ಆಮೇಲೆ ಮೂರು ಜೋರು, ಎರಡು ನಿಧಾನ. ಇದು 1930ರ ದಶಕದಲ್ಲಿ ಸ್ವೀಡನ್ನಿನ ಕೋಚ್ ಗೋಸ್ಟಾ ಹೋಲ್ಮರ್ ರೂಪಿಸಿದ ಫಾರ್ಟ್ಲೆಕ್ ಪದ್ಧತಿ. ಅವರ ಓಟಗಾರರು ಕಾಡುದಾರಿಗಳಲ್ಲಿ ಓಡುತ್ತಾ, ನೆಲಕ್ಕೆ ತಕ್ಕಂತೆ ವೇಗ ಏರಿಸಿ ಇಳಿಸುತ್ತಿದ್ದರು. ನಮಗೆ ಕಂಬಗಳಿವೆ, ಸಾಕು. ಸೆಕೆಂಡ್ ಲೆಕ್ಕ ಬೇಕು ಅನ್ನಿಸಿದ ವಾರ ಮಾತ್ರ ಟ್ರ್ಯಾಕ್‌ಗೆ ಹೋಗುತ್ತೇನೆ. ಅಲ್ಲಿ ಒಂದು ವಿಷಯ ನೆನಪಿಡಿ: 400 ಮೀಟರ್ ಅನ್ನುವುದು ಒಳಗಿನ ಮೊದಲ ಲೇನ್‌ನ ಲೆಕ್ಕ. ಎಂಟನೇ ಲೇನ್‌ನಲ್ಲಿ ಪೂರ್ತಿ ಒಂದು ಸುತ್ತು ಹಾಕಿದರೆ 453 ಮೀಟರ್ ಆಗುತ್ತದೆ. ನಿಧಾನವಾಗಿ ಓಡುವಾಗ ಹೊರಗಿನ ಲೇನ್ ಹಿಡಿಯುವುದು ಮರ್ಯಾದೆ. ಜೋರಾಗಿ ಬರುವವರಿಗೆ ಒಳಲೇನ್ ಬಿಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟದ್ದು ಹಳೇ ಊರಿನ ಓಟ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ರಾಮಸ್ವಾಮಿ ಸರ್ಕಲ್ ದಾಟಿ ಅಗ್ರಹಾರದ ಬೀದಿಗಳಿಗೆ ನುಗ್ಗುತ್ತೇನೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತು ಅದು. ರಂಗೋಲಿ ತುಳಿಯದೆ ಓಡಬೇಕು, ಅಂದರೆ ನಿಧಾನ ಆಗಲೇಬೇಕು. ಅಲ್ಲಿಂದ ಅರಮನೆ ಕೋಟೆಯ ಗೋಡೆ ಹಿಡಿದು ಒಂದು ಸುತ್ತು. ಆಮೇಲೆ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಈ ಗೋಪುರದ ಗಡಿಯಾರದಲ್ಲಿ ಕನ್ನಡ ಅಂಕಿಗಳಿವೆ. ಅಲ್ಲಿಂದ ಸಯ್ಯಾಜಿರಾವ್ ರಸ್ತೆಗೆ ಬಂದರೆ ದೇವರಾಜ ಮಾರ್ಕೆಟ್. ಹೂವಿನವರು ಮೂಟೆ ಬಿಚ್ಚುತ್ತಿರುತ್ತಾರೆ. ಸೇವಂತಿಗೆ, ಮಲ್ಲಿಗೆ, ಮರುಗದ ವಾಸನೆ ರಸ್ತೆಗೇ ಬರುತ್ತದೆ. ಅದರ ಹತ್ತಿರವೇ ಚಿಕ್ಕ ಗಡಿಯಾರ. ಇಲ್ಲಿ ನಿಲ್ಲುತ್ತೇನೆ, ನೋಡುತ್ತೇನೆ, ಮತ್ತೆ ಓಡುತ್ತೇನೆ. ಈ ಓಟದ ದಿನ ವಾಚ್ ಮನೆಯಲ್ಲೇ ಇರುತ್ತದೆ. ಹೊತ್ತು ನೋಡಲು ಗೋಪುರಗಳಿವೆಯಲ್ಲ.

ಈ ದಾರಿಯನ್ನು ಪ್ರತಿವಾರ ಒಂದೊಂದು ಬೀದಿ ಬದಲಾಯಿಸಿ ಓಡುತ್ತೇನೆ. ಒಂದು ವಾರ ಸಂತೇಪೇಟೆ ಕಡೆ, ಇನ್ನೊಂದು ವಾರ ಅಶೋಕ ರಸ್ತೆಯಲ್ಲಿ ಸೇಂಟ್ ಫಿಲೋಮಿನಾ ಚರ್ಚ್‌ವರೆಗೆ. ಮ್ಯಾಪ್‌ನಲ್ಲಿ ಓಡಿದ ಬೀದಿಗಳಿಗೆ ಗುರುತು ಹಾಕಿಕೊಳ್ಳುತ್ತೇನೆ. ಮುಖ್ಯ ದಾರಿ ಹಾಗೇ ಇಟ್ಟುಕೊಂಡು ಐದರಲ್ಲಿ ಒಂದು ಭಾಗ ಮಾತ್ರ ಹೊಸದು ಮಾಡಿದರೆ ಸಾಕು, ಇಡೀ ಓಟ ಹೊಸದು ಅನ್ನಿಸುತ್ತದೆ. ಪೂರ್ತಿ ಹೊಸ ದಾರಿಯಾದರೆ ಎಲ್ಲಿ ತಿರುಗಬೇಕು ಅನ್ನುವ ಯೋಚನೆಯಲ್ಲೇ ಓಟ ಮುಗಿದುಹೋಗುತ್ತದೆ. ಇಲ್ಲಿ ಫುಟ್‌ಪಾತ್ ನಂಬುವಂತಿಲ್ಲ, ಚಪ್ಪಡಿ ಏರುಪೇರು. ರಸ್ತೆಯ ಬಲಗಡೆ, ಎದುರಿಗೆ ಬರುವ ವಾಹನ ಕಣ್ಣಿಗೆ ಕಾಣುವಂತೆ ಓಡುತ್ತೇನೆ. ಏಳು ಗಂಟೆಯ ಮೇಲೆ ಈ ದಾರಿ ಬೇಡ. ಮಾಂಸದಂಗಡಿಗಳ ಬೀದಿಯಲ್ಲಿ ನಾಯಿಗಳ ಗುಂಪು ಇರುತ್ತದೆ. ಅಲ್ಲಿ ಓಡುವುದಿಲ್ಲ, ನಡೆದು ದಾಟುತ್ತೇನೆ.

ದಸರಾಕ್ಕೆ ಮುಂಚಿನ ವಾರಗಳಲ್ಲಿ ಹಳೇ ಊರಿನ ಓಟಕ್ಕೆ ಬೇರೆಯೇ ಸಂಭ್ರಮ. ಗಜಪಡೆ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿಲೋಮೀಟರ್, ತಾಲೀಮಿಗೆ ಹೊರಡುತ್ತದೆ. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರಲು ಅಭ್ಯಾಸವಾಗಲಿ ಅಂತ ಬೆನ್ನಿಗೆ ಮರಳಿನ ಮೂಟೆ ಕಟ್ಟಿ, ದಿನ ಕಳೆದಂತೆ ಭಾರ ಹೆಚ್ಚಿಸುತ್ತಾರೆ. ತಯಾರಿ ಅಂದರೆ ಹೀಗಿರಬೇಕು ಅನ್ನಿಸುತ್ತದೆ. ಆನೆಗಳ ಹಿಂದೆ ಮುಂದೆ ಓಡಬಾರದು. ಅವು ಹೋಗುವ ರಸ್ತೆಯನ್ನು ಅವಕ್ಕೇ ಬಿಟ್ಟು, ಸಮಾನಾಂತರ ಬೀದಿ ಹಿಡಿದು, ಒಂದು ಸರ್ಕಲ್‌ನಲ್ಲಿ ನಿಂತು ನೋಡಿ ಬರುತ್ತೇನೆ.

ಶುಕ್ರವಾರದ ಜಾಗದಲ್ಲಿ ನೋಟ್‌ಬುಕ್ಕಿನಲ್ಲಿ ಏನೂ ಬರೆಯುವುದಿಲ್ಲ. ಬೇಕು ಅನ್ನಿಸಿದರೆ ಮನೆ ಸುತ್ತ ಸಣ್ಣ ಓಟ, ಇಲ್ಲದಿದ್ದರೆ ನಿದ್ದೆ. ಎಲ್ಲ ದಿನವನ್ನೂ ತುಂಬಿಸಿಟ್ಟರೆ ಮಳೆಗೆ, ನೆಂಟರಿಗೆ, ಜ್ವರಕ್ಕೆ ಜಾಗ ಇರುವುದಿಲ್ಲ.

ಶನಿವಾರ ಚಾಮುಂಡಿ ಬೆಟ್ಟ. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಎತ್ತರ, ಸಾವಿರ ಮೆಟ್ಟಿಲು. ಏಳುನೂರರ ಹತ್ತಿರ ಒಂದೇ ಬಂಡೆಯಲ್ಲಿ ಕಡೆದ ನಂದಿ, 17ನೇ ಶತಮಾನದ್ದು. ಮೆಟ್ಟಿಲಲ್ಲಿ ಓಡಲು ಹೋಗುವುದಿಲ್ಲ, ಬಿರುಸಾಗಿ ಹತ್ತುತ್ತೇನೆ. ಓಟಕ್ಕೆ ವಾಹನ ಹೋಗುವ ರಸ್ತೆ ಒಳ್ಳೆಯದು, ಏರು ಒಂದೇ ಸಮ ಇದೆ. ಹತ್ತುವುದಕ್ಕಿಂತ ಇಳಿಯುವುದೇ ತೊಡೆಗೆ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಮರುದಿನ ನೋಯುವುದು ಅದಕ್ಕೇ. ಭಾನುವಾರ ಉದ್ದ ಓಟ ಇದ್ದರೆ ಮೆಟ್ಟಿಲು ಹತ್ತಿ, ದರ್ಶನ ಮಾಡಿ, 201ನೇ ನಂಬರ್ ಬಸ್ಸಿನಲ್ಲಿ ಇಳಿದು ಬರುತ್ತೇನೆ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ, ಆದ್ದರಿಂದ ಕತ್ತಲಲ್ಲಿ ಹತ್ತುವುದು ಬೇಡ. ಇನ್ನೊಂದು ಮಾತು. ಅರಿಶಿನ ಕುಂಕುಮ ಹಚ್ಚುತ್ತಾ ಬರಿಗಾಲಲ್ಲಿ ಹತ್ತುವವರು ಇರುತ್ತಾರೆ. ಅದು ಅವರ ಹರಕೆಯ ದಾರಿ. ನಾವು ಶೂ ಹಾಕಿಕೊಂಡು ಹಚ್ಚಿದ ಮೆಟ್ಟಿಲನ್ನು ತುಳಿದು ಹೋಗಬಾರದು. ಆಷಾಢ ಪೂರ್ತಿ ನನ್ನ ಏರು ಓಟ ಲಲಿತಮಹಲ್ ಕಡೆಯ ರಸ್ತೆಗಳಿಗೆ ಹೋಗುತ್ತದೆ.

ಭಾನುವಾರದ ಉದ್ದ ಓಟಕ್ಕೆ ಒಂದೇ ನಿಯಮ: ವಾರದ ಒಟ್ಟು ದೂರದ ಮೂರನೇ ಒಂದು ಭಾಗ ಮೀರದಿರಲಿ. ವಾರದಿಂದ ವಾರಕ್ಕೆ ಒಟ್ಟು ದೂರವನ್ನು ಶೇಕಡಾ 10ಕ್ಕಿಂತ ಜಾಸ್ತಿ ಏರಿಸದಿರಲಿ ಅಂತಲೂ ಹೇಳುತ್ತಾರೆ. ನಾನು ಅದಕ್ಕಿಂತ ಕಡಿಮೆಯೇ ಏರಿಸುತ್ತೇನೆ. ದಾರಿ ಕೆಲವು ಸಲ ಲಿಂಗಾಂಬುಧಿ ಕೆರೆ ಕಡೆಗೆ. ತಿಂಗಳಿಗೊಮ್ಮೆ ಬಸ್ ಹಿಡಿದು ಶ್ರೀರಂಗಪಟ್ಟಣಕ್ಕೆ. ರಂಗನಾಥನ ಗುಡಿ ಮುಂದಿನಿಂದ ಹೊರಟು, ದರಿಯಾ ದೌಲತ್, ಗುಂಬಜ್ ದಾಟಿ ಸಂಗಮದವರೆಗೆ. ಸುತ್ತಲೂ ಕಾವೇರಿ, ದಾರಿಯುದ್ದಕ್ಕೂ ಕಬ್ಬು, ಭತ್ತ. ಎಲ್ಲಿ ಎಳನೀರಿನ ಗಾಡಿ ನಿಲ್ಲುತ್ತದೆ, ಎಲ್ಲಿ ಶೌಚಾಲಯ ತೆರೆದಿರುತ್ತದೆ, ವಾಪಸ್ ಬಸ್ ಎಲ್ಲಿ ಸಿಗುತ್ತದೆ ಅನ್ನುವುದನ್ನು ಹಿಂದಿನ ದಿನವೇ ಬರೆದುಕೊಂಡಿರುತ್ತೇನೆ. ಉದ್ದ ಓಟದಲ್ಲಿ ಸಂತೋಷ ಕೆಡಿಸುವುದು ಹೆಚ್ಚಾಗಿ ಇವೇ ಸಣ್ಣ ವಿಷಯಗಳು.

ಇಷ್ಟೆಲ್ಲ ಬದಲಾವಣೆಯ ನಡುವೆ ಒಂದು ದಾರಿಯನ್ನು ಮಾತ್ರ ಬದಲಾಯಿಸುವುದಿಲ್ಲ. ಮನೆಯಿಂದ ಬೋಗಾದಿ ರಸ್ತೆಯಲ್ಲಿ ಹೋಗಿ ಬರುವ ಒಂದು ಓಟ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಅದೇ ಶ್ರಮದಲ್ಲಿ ಓಡುತ್ತೇನೆ. ಅದೊಂದು ದಿನ ಮಾತ್ರ ಸಮಯ ಬರೆದಿಡುತ್ತೇನೆ. ಏನಾದರೂ ಹೋಲಿಸಿ ನೋಡಬೇಕು ಅಂದರೆ ಒಂದಾದರೂ ದಾರಿ ಹಾಗೇ ಇರಬೇಕು, ಅಲ್ವಾ?

ಮೈಸೂರಿನಲ್ಲಿ ಎಲ್ಲ ಬಗೆಯ ನೆಲ ಇದೆ, ನಮ್ಮೂರಲ್ಲಿ ಎಲ್ಲಿಂದ ತರೋಣ ಅಂತ ಕೇಳುವವರಿದ್ದಾರೆ. ಮಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಕಷ್ಟ ಇದಕ್ಕೆ ಉಲ್ಟಾ. ಕದ್ರಿ, ಬಿಜೈ ಎಲ್ಲಿ ಹೋದರೂ ಏರು ಇಳಿತ. ಸಮತಟ್ಟು ನೆಲ ಬೇಕು ಅಂದರೆ ಪಣಂಬೂರು, ತಣ್ಣೀರುಬಾವಿಯ ಕಡಲತೀರ. ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ನೀರು ಇಳಿದಾಗ ಹೊರಬರುವ ಒದ್ದೆ ಮರಳು ಗಟ್ಟಿ ಇರುತ್ತದೆ, ಓಡಲು ಅದೇ ಸರಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ನಾನು ಪಂಚಾಂಗ ನೋಡುವಂತೆ ಅವಳು ಉಬ್ಬರ ಇಳಿತದ ಪಟ್ಟಿ ನೋಡಿ, ಬೆಳಿಗ್ಗೆ ಇಳಿತ ಸಿಗುವ ಎರಡು ದಿನ ಮೊದಲು ಗುರುತು ಹಾಕುತ್ತಾಳೆ. ಉಳಿದ ದಿನ ಏರು ರಸ್ತೆ. ಮಳೆಗಾಲದಲ್ಲಿ ಕಡಲು ಉಕ್ಕುವಾಗ ತೀರದ ಓಟ ಪೂರ್ತಿ ನಿಲ್ಲಿಸಿ, ಆ ನಾಲ್ಕು ತಿಂಗಳು ಮೈದಾನದ ಸುತ್ತು ಹಾಕುತ್ತಾಳೆ.